ಗಿಟ್ಟುವ ಬೆಲೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಎಚ್ಚರಿಸಿದ ನಮ್ಮ ಹಿರಿಯರು, ಆ ಎರಡು ಕೆಲಸಗಳಿಂದ ಮನುಷ್ಯ ಕಲಿಯುವುದೇನು ಎಂಬುದನ್ನು ಮಾತ್ರ ಹೇಳದೆ ಬಿಟ್ಟರು. ಮದುವೆಯ ವಿಚಾರ ಇಲ್ಲಿ ಬೇಡ. ಮನೆ ಕಟ್ಟಿ ನಾನು ಕಲಿತದ್ದು ಒಂದು ಕ್ರಿಯಾಪದದ ಅರ್ಥವನ್ನು. ಎರಡು ದಶಕಗಳಿಂದ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿಕೊಂಡು ಬಂದವನಿಗೆ ಆ ಅರ್ಥವನ್ನು ತಿಳಿಸಿಕೊಟ್ಟವರು ಒಬ್ಬ ಪ್ಲಂಬರ್ ಮೇಸ್ತ್ರಿ. ಗುರುದಕ್ಷಿಣೆಯಾಗಿ ಅವರಿಗೆ ನಾನು ಕೊಟ್ಟದ್ದು ಅವರು ಕೇಳಿದ್ದಕ್ಕಿಂತ ಹದಿನಾರು ಸಾವಿರ ರೂಪಾಯಿ ಕಡಿಮೆ.

ನಡೆದದ್ದು ಇಷ್ಟು. ಮೈಸೂರಿನ ಹೊರವಲಯದ ಒಂದು ಬಡಾವಣೆಯಲ್ಲಿ ಮೂವತ್ತು–ನಲವತ್ತರ ನಿವೇಶನದಲ್ಲಿ, ಬ್ಯಾಂಕಿನ ಸಾಲದ ಬಲದಿಂದ, ನಾನೊಂದು ಮನೆ ಕಟ್ಟಿಸಿದೆ. ಹದಿನೈದು ಚದರದ ಮನೆ, ಮೂರು ಸ್ನಾನದ ಮನೆಗಳು. ಗೋಡೆ ಮೇಲೆದ್ದು ಗಾರೆಗೆ ಮುಂಚೆ ಪೈಪುಗಳನ್ನು ಹೂಳುವ ಸಮಯ ಬಂದಾಗ ಇಬ್ಬರನ್ನು ವಿಚಾರಿಸಿದೆ. ಸಾಮಾನು ನಾನೇ ತಂದುಕೊಡುವುದು, ಕೆಲಸ ಮಾತ್ರ ಅವರದು. ಒಬ್ಬನು ಫೋನಿನಲ್ಲೇ “ಅರವತ್ತು ಸಾವಿರ ಸಾರ್, ಕಣ್ಣು ಮುಚ್ಚಿಕೊಂಡು ಬಿಡಿ” ಎಂದ. ಇನ್ನೊಬ್ಬರು ಸ್ಥಳಕ್ಕೆ ಬಂದು, ಟೇಪು ಹಿಡಿದು ಅಳೆದು, ಮರುದಿನ ಉದ್ದ ನೋಟ್ ಪುಸ್ತಕದ ಹಾಳೆಯ ಮೇಲೆ ಅಚ್ಚುಕಟ್ಟಾದ ಕನ್ನಡದಲ್ಲಿ ಲೆಕ್ಕ ಬರೆದುಕೊಂಡು ಬಂದರು. ತಮಗೆ ದಿನಕ್ಕೆ ೧,೨೦೦ ರೂಪಾಯಿ, ಕೈಯಾಳಿಗೆ ೮೦೦. ಇಪ್ಪತ್ತಾರು ದಿನಕ್ಕೆ ೫೨,೦೦೦. ಗೋಡೆ ಕೊರೆಯುವ ಯಂತ್ರದ ಬಾಡಿಗೆ, ಬ್ಲೇಡು ಮುಂತಾದುವಕ್ಕೆ ೫,೦೦೦. ಪೆಟ್ರೋಲು, ಸಾಗಣೆಗೆ ೩,೦೦೦. ‘ಕೆಲಸವಿಲ್ಲದ ಓಡಾಟ’ ಎಂಬ ತಲೆಬರಹದ ಕೆಳಗೆ ೫,೦೦೦. ಇಲ್ಲಿಗೆ ೬೫,೦೦೦. ಅದರ ಕೆಳಗೆ ‘ಲಾಭ ನೂರಕ್ಕೆ ೨೦’ ಎಂದು ಬರೆದು ೧೩,೦೦೦. ಒಟ್ಟು ೭೮,೦೦೦.

ಆ ಕೊನೆಯ ಸಾಲಿನ ಮೇಲೆ ನಾನು ಬೆರಳಿಟ್ಟೆ.

“ಏನ್ರೀ ಮೇಸ್ತ್ರಿ, ನಿಮ್ಮ ಕೂಲಿ ಒಂದು ಸಲ ಹಾಕಿದ್ದೀರಿ. ಮತ್ತೆ ಲಾಭ ಅಂತ ಇನ್ನೊಂದು ಸಲ ಹಾಕಿದ್ದೀರಲ್ಲ?”

“ಅದು ಹಾಕದೆ ಇದ್ದರೆ ಗಿಟ್ಟೋದಿಲ್ಲ ಸಾರ್.”

“ಬೇರೆಯವರು ಅರವತ್ತಕ್ಕೇ ಮಾಡ್ತೀನಿ ಅಂತಾರೆ.”

“ಅವರ ಲೆಕ್ಕ ನನಗೆ ಗೊತ್ತಿಲ್ಲ ಸಾರ್. ನನ್ನ ಲೆಕ್ಕ ಇದು.”

ಆಗ ಮೇ ತಿಂಗಳ ಕೊನೆ. ಅವರಿಗೆ ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದಾರೆಂಬುದು ಮಾತಿನ ನಡುವೆ ನನಗೆ ತಿಳಿದಿತ್ತು. ಶಾಲೆ ತೆರೆಯುವ ಹೊತ್ತಿಗೆ ತಂದೆಯಾದವನಿಗೆ ಮುಂಗಡ ಹಣ ಎಷ್ಟು ಬೇಕಾಗುತ್ತದೆಂಬುದು, ನಾನೂ ತಂದೆಯಾದ್ದರಿಂದ, ಗೊತ್ತಿಲ್ಲದ ಸಂಗತಿಯಲ್ಲ. ನಾನು ಸುಮ್ಮನೆ ಕಾದೆ. ಮೂರನೆಯ ದಿನ ಅವರೇ ಫೋನು ಮಾಡಿ, “ಆಗಲಿ ಸಾರ್, ಅರವತ್ತೆರಡು ಮಾಡಿಕೊಡಿ” ಎಂದರು. ಮನೆಯಲ್ಲಿ ಆ ರಾತ್ರಿ ಊಟದ ಹೊತ್ತಿನಲ್ಲಿ ಇದನ್ನು ನಾನು ಒಂದು ವಿಜಯದಂತೆ ವರ್ಣಿಸಿದೆ.

ಇಷ್ಟು ಓದಿದ ವಾಚಕರು ಮುಂದಿನ ಕಥೆಯನ್ನು ಊಹಿಸಿಯೇ ಇರುತ್ತಾರೆ: ಕಡಿಮೆ ದುಡ್ಡಿಗೆ ಕಳಪೆ ಕೆಲಸವಾಯಿತು, ಮಳೆಗಾಲದಲ್ಲಿ ಗೋಡೆ ಸೋರಿತು, ಮೇಷ್ಟರಿಗೆ ಬುದ್ಧಿ ಬಂತು. ಹಾಗಾಗಿದ್ದರೆ ನನ್ನ ಮನಸ್ಸು ಇಷ್ಟು ಹೊತ್ತಿಗೆ ಹಗುರವಾಗಿರುತ್ತಿತ್ತು. ಪಾಪಕ್ಕೆ ಪ್ರಾಯಶ್ಚಿತ್ತ ಒದಗಿದಂತಾಗಿ ಲೆಕ್ಕ ಚುಕ್ತವಾಗುತ್ತಿತ್ತು. ಆದರೆ ನಮ್ಮ ಗೋಡೆ ಸೋರಲಿಲ್ಲ. ಇಂದಿಗೂ ಸೋರಿಲ್ಲ. ನನ್ನನ್ನು ಕಾಡುತ್ತಿರುವುದು ಅದೇ.

ಕೊಳಾಯಿ ಕೆಲಸದಲ್ಲಿ ಒಂದು ವಿಶೇಷವಿದೆ. ಮನೆಯ ಬೇರೆ ಕೆಲಸಗಳನ್ನು ಮಾಲೀಕ ಕಣ್ಣಾರೆ ಕಂಡು ಮೆಚ್ಚಬಹುದು, ತೆಗಳಬಹುದು. ಬಾಗಿಲು ಸೊಟ್ಟಗಿದ್ದರೆ ಕಾಣುತ್ತದೆ. ಬಣ್ಣ ಮಾಸಿದ್ದರೆ ಕಾಣುತ್ತದೆ. ಇಲ್ಲಿ ಕೆಲಸದ ಬಹುಭಾಗ ಗೋಡೆಯೊಳಗೆ, ನೆಲದೊಳಗೆ ಮುಚ್ಚಿಹೋಗುತ್ತದೆ. ಮುಚ್ಚಿದ ಮೇಲೆ ಒಳ್ಳೆಯ ಕೆಲಸಕ್ಕೂ ಕೆಟ್ಟ ಕೆಲಸಕ್ಕೂ ಮೇಲ್ನೋಟಕ್ಕೆ ಭೇದವಿಲ್ಲ. ಬಚ್ಚಲಿನ ಪೈಪಿಗೆ ವಾಟ ಸರಿಯಾಗಿ ಕೊಟ್ಟಿದ್ದಾರೆಯೇ, ಜೋಡಣೆಯ ಅಂಚನ್ನು ಒರಸಿ ಒಣಗಿಸಿ ಅಂಟು ಹಚ್ಚಿದ್ದಾರೆಯೇ, ಪೈಪನ್ನು ಅಲ್ಲಲ್ಲಿ ಕ್ಲಾಂಪು ಹಾಕಿ ಬಿಗಿದಿದ್ದಾರೆಯೇ, ಇವೆಲ್ಲ ಮಾಡಿದವನ ಮನಸ್ಸಾಕ್ಷಿಗೆ ಮಾತ್ರ ಗೊತ್ತು. ಗಾರೆ ಹಾಕುವ ಮುನ್ನ ಪೈಪುಗಳ ಬಾಯಿಗಳನ್ನೆಲ್ಲ ಮುಚ್ಚಿ, ಕೈಪಂಪಿನಿಂದ ನೀರಿನ ಒತ್ತಡ ಏರಿಸಿ, ಮುಳ್ಳು ಇಳಿಯುವುದೇ ಎಂದು ಕಾದು ನೋಡುವ ಒಂದು ಪರೀಕ್ಷೆಯುಂಟು. ಅದಕ್ಕೆ ಒಂದು ದಿನ ಹಿಡಿಯುತ್ತದೆ. ಆ ದಿನವನ್ನು ಉಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಮೇಸ್ತ್ರಿ ಆ ದಿನವನ್ನು ಉಳಿಸಲಿಲ್ಲ. ಸಂಜೆ ಪಂಪು ಕಟ್ಟಿಹೋದವರು ಬೆಳಿಗ್ಗೆ ಬಂದು ಮುಳ್ಳನ್ನು ನೋಡಿ, ನನ್ನನ್ನೂ ಕರೆದು ತೋರಿಸಿದರು. ನನಗೆ ಅದರಲ್ಲಿ ಏನು ನೋಡಬೇಕೆಂಬುದೇ ತಿಳಿಯಲಿಲ್ಲ.

ಗೃಹಪ್ರವೇಶವಾಗಿ ಕೆಲವು ತಿಂಗಳಿಗೆ ಕನ್ನಡಿ ಕೂರಿಸಲು ಬಂದ ಹುಡುಗನೊಬ್ಬ ಗೋಡೆಗೆ ತೂತು ಕೊರೆಯುತ್ತ ಪೈಪನ್ನೇ ಕೊರೆದುಬಿಟ್ಟ. ಭಾನುವಾರ ಬೆಳಿಗ್ಗೆ. ಮೇಸ್ತ್ರಿ ಬಂದು, ಟೈಲು ಕತ್ತರಿಸಿ, ಪೈಪಿನ ತುಂಡು ಬದಲಾಯಿಸಿ, ಮತ್ತೆ ಮುಚ್ಚಿದರು. ಎಷ್ಟು ಎಂದು ಕೇಳಿದರೆ “ನಾನು ಮಾಡಿದ ಲೈನು ಸಾರ್, ಇರಲಿ” ಎಂದರು. ನಾನೂ ‘ಇರಲಿ’ ಎಂದುಕೊಂಡೆ. ತಪ್ಪು ಅವರದಾಗಿರಲಿಲ್ಲ, ನನ್ನದು. ಆದರೂ ಅವರ ಔದಾರ್ಯವನ್ನು ನನ್ನ ಹಕ್ಕಿನಂತೆ ಸ್ವೀಕರಿಸಿದೆ.

ಕಳೆದ ವರ್ಷ ಒಬ್ಬ ಸ್ನೇಹಿತರ ಅಪಾರ್ಟ್‌ಮೆಂಟಿಗೆ ಹೋಗಿದ್ದಾಗ ಅವರು ಅಲ್ಲಿ ಸಿಕ್ಕಿದರು. ಸಮವಸ್ತ್ರದಲ್ಲಿದ್ದರು, ಅಲ್ಲಿನ ನಿರ್ವಹಣೆಯ ಸಂಸ್ಥೆಯಲ್ಲಿ ತಿಂಗಳ ಸಂಬಳಕ್ಕೆ ಸೇರಿದ್ದಾರಂತೆ. ಹೊಸ ಮನೆಗಳ ಕೆಲಸ ಬಿಟ್ಟಿರೇ ಎಂದು ಕೇಳಿದೆ. “ಬಿಟ್ಟೆ ಸಾರ್. ಕೆಲಸ ಬೇಕಾದಷ್ಟಿತ್ತು. ಗಿಟ್ಟಲಿಲ್ಲ” ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಕೆಲಸವಿಲ್ಲದೆ ಕೆಟ್ಟವರ ಕಥೆ ನಮಗೆಲ್ಲ ಗೊತ್ತು. ಕೈತುಂಬ ಕೆಲಸವಿದ್ದು ಕೆಟ್ಟವರ ಕಥೆಯನ್ನು ನಾನು ಕೇಳಿದ್ದು ಅಂದೇ.

‘ಗಿಟ್ಟು’ ಎಂದರೆ ದಕ್ಕು, ದೊರೆ ಎಂದು ಅರ್ಥ. ‘ಲಾಭ’ ಎಂಬ ಸಂಸ್ಕೃತ ಶಬ್ದವೂ ಪಡೆಯುವುದು ಎಂಬ ಅರ್ಥದ ಧಾತುವಿನಿಂದಲೇ ಬಂದದ್ದು. ಎರಡರಲ್ಲೂ ಪಾಪದ ವಾಸನೆಯಿಲ್ಲ. ಮೋಸಕ್ಕೆ ಮೋಸವೆಂದೂ ಸುಲಿಗೆಗೆ ಸುಲಿಗೆಯೆಂದೂ ಬೇರೆ ಶಬ್ದಗಳಿವೆ. ಆದರೂ ನಮ್ಮಂಥ ಸಂಬಳದ ಜನರ ಕಿವಿಗೆ ‘ಲಾಭ’ ಎಂದೊಡನೆ ಯಾರೋ ಯಾರನ್ನೋ ಸುಲಿದಂತೆ ಕೇಳಿಸುತ್ತದೆ. ಅದರಲ್ಲೂ ಕೈಯಲ್ಲಿ ಕೆಲಸ ಮಾಡುವವನು ಆ ಶಬ್ದವನ್ನು ಬಾಯಿಬಿಟ್ಟು ಹೇಳಿದರೆ ನಮಗೆ ಸಹನೆಯಾಗುವುದಿಲ್ಲ. ಕೂಲಿ ಕೇಳಲಿ, ಲಾಭ ಕೇಳುವುದೇ?

ಈ ಅಸಹನೆ ನ್ಯಾಯವೇ ಎಂದು ತಿಳಿಯಬೇಕಾದರೆ ಆ ಹಾಳೆಯ ಲೆಕ್ಕಕ್ಕೇ ಹಿಂತಿರುಗಬೇಕು. ಹೊಸ ಮನೆಯ ಕೊಳಾಯಿ ಕೆಲಸ ಒಂದೇ ಉಸಿರಿನಲ್ಲಿ ಮುಗಿಯುವಂಥದಲ್ಲ. ಗೋಡೆಯ ಪೈಪುಗಳು ಒಮ್ಮೆ. ಸ್ನಾನದ ಮನೆಯ ನೆಲ, ಹೊರಗಿನ ಚರಂಡಿ ಇನ್ನೊಮ್ಮೆ. ಟೈಲು, ಬಣ್ಣ ಎಲ್ಲ ಮುಗಿದ ಮೇಲೆ ನಲ್ಲಿ, ಕಮೋಡು, ಬೇಸಿನ್ನುಗಳನ್ನು ಕೂರಿಸುವುದು ಮತ್ತೊಮ್ಮೆ. ಮೊದಲಿಗೂ ಕೊನೆಗೂ ನಡುವೆ ತಿಂಗಳುಗಳೇ ಕಳೆಯುತ್ತವೆ. ಗಾರೆಯವನು ತಡಮಾಡಿದರೆ ಪ್ಲಂಬರ್ ಕಾಯಬೇಕು. ಕಾದ ದಿನಕ್ಕೆ ಕೂಲಿಯಿಲ್ಲ. ಅಳತೆಗೆ ಬಂದ ದಿನ, ಅಂಗಡಿಗೆ ಹೋದ ದಿನ, ಕೊನೆಯ ಕಂತಿಗಾಗಿ ಮೂರು ಸಲ ಬಾಗಿಲಿಗೆ ಬಂದ ದಿನ, ಯಾವುದಕ್ಕೂ ಕೂಲಿಯಿಲ್ಲ. ಲೆಕ್ಕ ಬರೆದುಕೊಟ್ಟೂ ಕೈತಪ್ಪಿದ ಕೆಲಸಗಳ ಅಳತೆಯ ದಿನಗಳೂ ಸಿಕ್ಕಿದ ಕೆಲಸದಿಂದಲೇ ಹುಟ್ಟಬೇಕು. ಸಾಮಾನು ಸಹಿತ ಒಪ್ಪಿಕೊಂಡವರಿಗಂತೂ ಬೆಲೆಯೇರಿಕೆಯ ಭಯ ಬೇರೆ. ೨೦೨೧ರಲ್ಲಿ ಪಿವಿಸಿ ಬೆಲೆ ಏರಿದಾಗ, ಹಳೆಯ ದರಕ್ಕೆ ಮಾತು ಕೊಟ್ಟಿದ್ದವರು ಕೈಯಿಂದ ಹಾಕಬೇಕಾಯಿತು.

ಇನ್ನು ಆ ‘ನೂರಕ್ಕೆ ಇಪ್ಪತ್ತು’. ೬೫,೦೦೦ಕ್ಕೆ ಇಪ್ಪತ್ತು ಸೇರಿಸಿದರೆ ೭೮,೦೦೦. ಆದರೆ ೭೮,೦೦೦ದಲ್ಲಿ ೧೩,೦೦೦ ಎಂಬುದು ಆರನೆಯ ಒಂದು ಭಾಗ. ನೂರಕ್ಕೆ ಹದಿನಾರು ಚಿಲ್ಲರೆಯೇ ಹೊರತು ಇಪ್ಪತ್ತಲ್ಲ. ಬಂದ ಹಣದಲ್ಲಿ ನೂರಕ್ಕೆ ಇಪ್ಪತ್ತು ಉಳಿಯಬೇಕಾದರೆ ೮೧,೨೫೦ ಕೇಳಬೇಕಿತ್ತು. ಚೌಕಾಸಿ ಮಾಡುವ ನಾವಾದರೋ ಶೇಕಡಾ ಲೆಕ್ಕವನ್ನು ಒಟ್ಟು ಮೊತ್ತದ ಮೇಲೆ ಹಾಕುತ್ತೇವೆ. ‘ಇಪ್ಪತ್ತು ಪರ್ಸೆಂಟು ಬಿಡಿ, ನಿಮ್ಮ ಲಾಭ ಮಾತ್ರ ಹೋಗುತ್ತದೆ’ ಎನ್ನುತ್ತೇವೆ. ಇಪ್ಪತ್ತು ಸೇರಿಸಿ ಇಪ್ಪತ್ತು ಕಳೆದರೆ ಹೊರಟಲ್ಲಿಗೆ ಬಂದು ನಿಲ್ಲುವುದಿಲ್ಲ. ಅದಕ್ಕಿಂತ ಕೆಳಗೆ ಇಳಿದಿರುತ್ತೇವೆ. ೭೮,೦೦೦ದಲ್ಲಿ ಐದನೆಯ ಒಂದು ಭಾಗ ಕಳೆದರೆ ಉಳಿಯುವುದು ೬೨,೪೦೦. ನಾನು ಕೊಟ್ಟದ್ದು ೬೨,೦೦೦. ಅಂದರೆ ಲಾಭವಷ್ಟನ್ನೂ ನುಂಗಿ, ಅಸಲಿನಲ್ಲಿ ಇನ್ನೂ ಮೂರು ಸಾವಿರವನ್ನು ನಾನು ಹಿಡಿದುಕೊಂಡೆ. ಯಂತ್ರದ ಬಾಡಿಗೆ ಕಡಿಮೆಯಾಗಲಿಲ್ಲ. ಕೈಯಾಳಿಗೆ ಅವರು ಕೂಲಿ ಮುರಿಯಲಿಲ್ಲ. ಆ ಮೂರು ಸಾವಿರ ಹೋದದ್ದು ಅವರ ಸ್ವಂತ ಕೂಲಿಯಿಂದ.

ಈಗ ನನ್ನ ಸಂಬಳದ ಚೀಟಿಯನ್ನು ಅದರ ಪಕ್ಕದಲ್ಲಿಟ್ಟು ನೋಡುತ್ತೇನೆ. ಭಾನುವಾರ ನಾನು ಪಾಠ ಹೇಳುವುದಿಲ್ಲ, ಸಂಬಳ ಬರುತ್ತದೆ. ಜ್ವರ ಬಂದು ಮಲಗಿದರೆ ರಜೆಯುಂಟು. ಬೆಲೆ ಏರಿದರೆ ತುಟ್ಟಿಭತ್ಯೆಯುಂಟು. ಮುಪ್ಪಿಗೆಂದು ತಿಂಗಳು ತಿಂಗಳು ಒಂದಿಷ್ಟು ಹಣ ಕೂಡುತ್ತದೆ. ಇವನ್ನು ನಾವು ‘ಸೌಲಭ್ಯ’ ಎನ್ನುತ್ತೇವೆ. ಆ ಶಬ್ದದ ಹೊಟ್ಟೆಯಲ್ಲೂ ‘ಲಾಭ’ದ ಧಾತುವೇ ಇದೆಯೆಂಬುದು ಇಷ್ಟು ದಿನ ನನ್ನ ಗಮನಕ್ಕೆ ಬಂದಿರಲಿಲ್ಲ. ಮೇಸ್ತ್ರಿಗೆ ಜ್ವರ ಬಂದ ದಿನ, ಕೆಲಸ ಸಿಗದ ತಿಂಗಳು, ಕೈ ನಡುಗುವ ಕಾಲ, ಹೊಸ ಯಂತ್ರದ ಖರೀದಿ, ಯಾರದೋ ತಪ್ಪಿಗೆ ತಾವು ಹೋಗಿ ಸರಿಪಡಿಸಿದ ಆ ಭಾನುವಾರ, ಇಷ್ಟೂ ಆ ಹದಿಮೂರು ಸಾವಿರದೊಳಗೇ ಅಡಗಿರಬೇಕು. ನಾನು ಎರಡನೆಯ ಕೂಲಿ ಎಂದು ಬಗೆದದ್ದು ಅವರ ರಜೆ, ಅವರ ಔಷಧ, ಅವರ ನಿವೃತ್ತಿವೇತನ. ಕೊಟ್ಟ ಮಾತಿಗೆ ನಿಲ್ಲುವ ಶಕ್ತಿಯೂ ಅದೇ. ಗಿಟ್ಟದ ಕೆಲಸ ಮಾಡಿದವನು ಆರು ತಿಂಗಳ ಮೇಲೆ ಫೋನು ಎತ್ತದೆ ಹೋದರೆ ಅದು ಅವನ ದುಷ್ಟತನವೇ ಆಗಬೇಕೆಂದಿಲ್ಲ. ಬಂದು ಹೋಗುವ ದಿನದ ಖರ್ಚು ಅವನ ಬಳಿ ಇಲ್ಲದಿರಬಹುದು.

‘ಒಪ್ಪಿಕೊಂಡವರು ಅವರೇ ಅಲ್ಲವೇ?’ ಎಂದು ಕೇಳಬಹುದು. ನಾನೂ ಬಹುಕಾಲ ಈ ಮಾತಿನ ನೆರಳಿನಲ್ಲೇ ಕುಳಿತಿದ್ದೆ. ಕಾನೂನು ನನ್ನ ಪಕ್ಷದಲ್ಲಿದೆ. ೧೮೭೨ರ ಕರಾರು ಕಾಯಿದೆಯ ಪ್ರಕಾರ, ಒಪ್ಪಿಗೆ ಸ್ವತಂತ್ರವಾಗಿದ್ದರೆ, ಪ್ರತಿಫಲ ಸಾಲದೆಂಬ ಕಾರಣ ಒಂದರಿಂದಲೇ ಕರಾರು ಅಸಿಂಧುವಾಗುವುದಿಲ್ಲ. ಆದರೆ ಒಪ್ಪಿಗೆ ಸ್ವತಂತ್ರವಾಗಿತ್ತೇ ಎಂಬುದು ಸುಲಭದ ಪ್ರಶ್ನೆಯಲ್ಲ. ೧೯೮೨ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡಗಳಲ್ಲಿ ದುಡಿದ ಕೂಲಿಗಾರರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಮನುಷ್ಯನಿಗೆ ಬೇರೆ ದಾರಿಯೇ ಇಲ್ಲದಂತೆ ಮಾಡುವ ಹಸಿವು ಬಡತನಗಳೂ ಒಂದು ಬಲಾತ್ಕಾರವೇ ಎಂದು ಹೇಳಿ, ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದನ್ನು ಸಂವಿಧಾನದ ೨೩ನೆಯ ವಿಧಿ ನಿಷೇಧಿಸುವ ಬಲವಂತದ ದುಡಿಮೆಯ ಸಾಲಿಗೆ ಸೇರಿಸಿತು. ನನ್ನ ಮೇಸ್ತ್ರಿಯ ಸಂಗತಿ ಅಷ್ಟು ಕಠೋರವಾದುದಲ್ಲ. ಯಾವ ನ್ಯಾಯಾಲಯವೂ ನನ್ನನ್ನು ಕರೆಸಲಾರದು. ಆದರೆ ಮೇ ತಿಂಗಳ ಕೊನೆಯಲ್ಲಿ ನಾನು ಸುಮ್ಮನೆ ಕಾದದ್ದು ಯಾವುದಕ್ಕೆ? ಅವರ ಅಗತ್ಯ ಅವರ ಲೆಕ್ಕವನ್ನು ಸೋಲಿಸಲಿ ಎಂದೇ ಅಲ್ಲವೇ?

ಹದಿಮೂರನೆಯ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವಿನಾಸ್ ಈ ಎಳೆಯನ್ನು ಸೂಕ್ಷ್ಮವಾಗಿ ಬಿಡಿಸಿದ್ದಾನೆ. ಮಾರುವವನು ತನಗಾಗುವ ನಷ್ಟವನ್ನು ಬೆಲೆಯಲ್ಲಿ ಸೇರಿಸಬಹುದು. ಆದರೆ ತನಗೆ ನಷ್ಟವಿಲ್ಲದಿರುವಾಗ, ಕೊಳ್ಳುವವನಿಗೆ ಅದು ವಿಶೇಷವಾಗಿ ಬೇಕಾಗಿದೆ ಎಂಬ ಕಾರಣಕ್ಕೆ ಬೆಲೆ ಏರಿಸಬಾರದು, ಆ ಅಗತ್ಯ ಮಾರುವವನ ಸ್ವತ್ತಲ್ಲ ಎನ್ನುತ್ತಾನೆ. ಇದನ್ನೇ ತಿರುಗಿಸಿ ಹಿಡಿದರೆ ನನ್ನ ಮುಖ ಕಾಣುತ್ತದೆ. ಅವರ ಮಕ್ಕಳ ಶಾಲೆಯ ಶುಲ್ಕ ನನ್ನ ಸ್ವತ್ತಾಗಿರಲಿಲ್ಲ. ನಾನು ಅದನ್ನು ನಗದು ಮಾಡಿಕೊಂಡೆ. ಹಾಗೆಂದು ಲಾಭಕ್ಕೆ ಮೇರೆ ಬೇಡವೆಂದಲ್ಲ. ಕೌಟಿಲ್ಯನ ಅರ್ಥಶಾಸ್ತ್ರ ವರ್ತಕನಿಗೆ ಸ್ವದೇಶದ ಸರಕಿನಲ್ಲಿ ನೂರಕ್ಕೆ ಐದು, ಪರದೇಶದ ಸರಕಿನಲ್ಲಿ ನೂರಕ್ಕೆ ಹತ್ತು ಎಂದು ಮೇರೆ ಹಾಕಿತು. ಗಮನಿಸಬೇಕಾದ್ದು ಇದು: ಅಷ್ಟು ಕಟ್ಟುನಿಟ್ಟಿನ ಆ ಗ್ರಂಥವೂ ಲಾಭವನ್ನು ಸೊನ್ನೆಗೆ ಇಳಿಸಲಿಲ್ಲ.

೧೮೬೦ರಲ್ಲಿ ಜಾನ್ ರಸ್ಕಿನ್ ಲಂಡನ್ನಿನ ಒಂದು ಮಾಸಪತ್ರಿಕೆಗೆ ಬರೆದ ‘ಅನ್‌ಟು ದಿಸ್ ಲಾಸ್ಟ್’ ಲೇಖನಗಳಲ್ಲಿ ಇನ್ನೊಂದು ಮಾತು ಹೇಳಿದ. ಕೆಟ್ಟ ಕೆಲಸಗಾರ ಅರ್ಧ ಬೆಲೆಗೆ ಮುಂದೆ ಬಂದು ಒಳ್ಳೆಯವನ ಸ್ಥಳವನ್ನು ಕಿತ್ತುಕೊಳ್ಳುವುದು, ಇಲ್ಲವೇ ಅವನನ್ನೂ ಸಾಲದ ಕೂಲಿಗೆ ಇಳಿಯುವಂತೆ ಮಾಡುವುದು, ಇದು ಕೂಲಿಯ ವಿನಾಶಕಾರಿ ವ್ಯವಸ್ಥೆ ಎಂಬುದು ಅವನ ವಾದ. ಓದುಗರು ಸಿಟ್ಟಾಗಿ ಆ ಲೇಖನಗಳು ನಾಲ್ಕಕ್ಕೇ ನಿಂತವು. ೧೯೦೪ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಗಾಂಧೀಜಿ ಆ ಪುಸ್ತಕವನ್ನು ಓದಿ ತಮ್ಮ ಬದುಕನ್ನೇ ಬದಲಾಯಿಸಿಕೊಂಡರು. ನಾನು ಅದನ್ನು ವಿದ್ಯಾರ್ಥಿಯಾಗಿದ್ದಾಗಲೇ ಓದಿದ್ದೆ. ಓದಿದ್ದೂ, ‘ಬೇರೆಯವರು ಅರವತ್ತಕ್ಕೇ ಮಾಡ್ತೀನಿ ಅಂತಾರೆ’ ಎಂಬ ಮಾತು ನನ್ನ ಬಾಯಿಂದ ಸರಾಗವಾಗಿ ಬಂತು. ಆ ಅರವತ್ತರವನ ಲೆಕ್ಕದಲ್ಲಿ ಏನಿತ್ತೋ ನಾನು ಕೇಳಲೇ ಇಲ್ಲ. ಬಿಟ್ಟ ಕ್ಲಾಂಪುಗಳಿದ್ದವೋ, ಮಾಡದ ಪರೀಕ್ಷೆಯಿತ್ತೋ, ನಾನು ಸಾಮಾನು ಕೊಳ್ಳುವ ಅಂಗಡಿಯಿಂದ ಅವನಿಗೆ ಬರುವ ಕಮಿಷನ್ನು ಇತ್ತೋ! ಲೆಕ್ಕ ಬಿಚ್ಚಿ ತೋರಿಸಿದವರ ಲಾಭ ನನ್ನ ಕಣ್ಣು ಕುಕ್ಕಿತು. ತೋರಿಸದವನ ಲಾಭ ನನ್ನನ್ನು ಬಾಧಿಸಲಿಲ್ಲ. ಹೀಗೆ ನಡೆದುಕೊಳ್ಳುವ ನಾವು ‘ಈ ಕಾಲದಲ್ಲಿ ಯಾರೂ ನೇರವಾಗಿಲ್ಲ’ ಎಂದು ದೂರುವುದೂ ಉಂಟು.

ನಮ್ಮಲ್ಲಿ ಕೆಲವರಿಗೆ ಇಲ್ಲಿ ಆಯ್ದಕ್ಕಿ ಮಾರಯ್ಯನ ನೆನಪಾಗಬಹುದು. ಹನ್ನೆರಡನೆಯ ಶತಮಾನದ ಆ ಶರಣನ ಕಾಯಕ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ ಹೆಂಡತಿ ಲಕ್ಕಮ್ಮ, ಈ ಆಸೆ ನಮಗೇಕೆ ಎಂದು ಗದರಿಸಿ ಹಿಂದಕ್ಕೆ ಕಳಿಸಿದಳು. ತರಗತಿಯಲ್ಲಿ ಈ ಪ್ರಸಂಗವನ್ನು ಹೇಳುವಾಗ ನನ್ನ ಕಂಠ ತುಂಬಿ ಬರುತ್ತದೆ. ಆದರೆ ಈಗ ಅದರಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ‘ನಮಗಿಷ್ಟು ಸಾಕು’ ಎಂದವಳು ಲಕ್ಕಮ್ಮ. ಆಯ್ದ ಅಕ್ಕಿಯಿಂದ ಅಡಿಗೆ ಮಾಡುವವಳು ಅವಳು. ಹೇಳುವ ಅಧಿಕಾರ ಅವಳದು. ಅಕ್ಕಿ ಚೆಲ್ಲಿದ ಅಂಗಳದ ಯಜಮಾನ ಬಂದು ‘ನಿನಗಿಷ್ಟು ಸಾಕು’ ಎಂದಿದ್ದರೆ ಅದು ವೈರಾಗ್ಯದ ಕಥೆಯಾಗುತ್ತಿರಲಿಲ್ಲ, ಜಿಪುಣತನದ ಕಥೆಯಾಗುತ್ತಿತ್ತು. ತೃಪ್ತಿ ತನಗೆ ತಾನು ಹೇಳಿಕೊಳ್ಳಬೇಕಾದ ಪಾಠ. ಕೊಡಬೇಕಾದವನು ಪಡೆಯಬೇಕಾದವನಿಗೆ ಅದನ್ನು ಬೋಧಿಸತೊಡಗಿದರೆ, ಬೋಧನೆಯೊಳಗೆ ಚೌಕಾಸಿ ಸೇರಿಕೊಂಡಿರುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಆಕ್ಷೇಪ ಉಳಿಯುತ್ತದೆ. ಮನೆ ಕಟ್ಟುವವನು ಕುಬೇರನಲ್ಲ, ಅವನೂ ಸಾಲಗಾರ. ಕೇಳಿದಷ್ಟನ್ನೂ ಕೊಡುತ್ತ ಹೋದರೆ ಛಾವಣಿ ಏಳುವುದೇ? ಆಕ್ಷೇಪ ನಿಜವಾದದ್ದು. ಅದಕ್ಕೆ ನನಗೆ ತೋರುವ ಉತ್ತರ ಇದು: ಹಣ ಸಾಲದಿದ್ದರೆ ಕೆಲಸವನ್ನು ಕಡಿಮೆ ಮಾಡಿಕೊಳ್ಳಬಹುದು, ಕೆಲಸ ಅಷ್ಟೇ ಇರಿಸಿ ಕೂಲಿಯನ್ನು ಕಡಿಮೆ ಮಾಡುವುದು ಸಲ್ಲದು. ಮೂರನೆಯ ಸ್ನಾನದ ಮನೆ ನಮಗೆ ಅಷ್ಟೇನೂ ಅಗತ್ಯವಿರಲಿಲ್ಲ. ‘ಮೇಸ್ತ್ರಿ, ನನ್ನ ಹತ್ತಿರ ಇರುವುದು ಅರವತ್ತೆರಡು, ಇದರಲ್ಲಿ ನಿಮಗೆ ಗಿಟ್ಟುವಂತೆ ಎಷ್ಟಾಗುತ್ತದೆ?’ ಎಂದು ಕೇಳಬಹುದಿತ್ತು. ಲೆಕ್ಕದ ಸಾಲುಗಳನ್ನು ಒಂದೊಂದಾಗಿ ಪ್ರಶ್ನಿಸುವುದಕ್ಕೂ ನನಗೆ ಹಕ್ಕಿತ್ತು: ಇಪ್ಪತ್ತಾರು ದಿನ ಬೇಕೇ, ಯಂತ್ರ ಅಷ್ಟು ದಿನ ಬೇಕೇ ಎಂದು. ಅವರು ಉತ್ತರ ಹೇಳುತ್ತಿದ್ದರು. ನಾನು ಮಾಡಿದ್ದು ಅದಲ್ಲ. ಅದೇ ವಾರ ಪೇಟೆಯ ದೊಡ್ಡ ಮಳಿಗೆಯೊಂದರಲ್ಲಿ, ಬಿಸಿನೀರು ತಣ್ಣೀರು ಬೆರೆಸುವ ಹೊಳೆಯುವ ನಲ್ಲಿಗಳಿಗೆ ಡಬ್ಬಿಯ ಮೇಲೆ ಅಚ್ಚಾದ ಬೆಲೆಯನ್ನು ಎಣಿಸಿ ಕೊಟ್ಟು ಬಂದೆ. ಅದರಲ್ಲಿ ಲಾಭವೆಷ್ಟು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಅಚ್ಚಾದ ಅಂಕಿಯ ಮುಂದೆ ತಲೆಬಾಗುವ ನಾವು ಕೈಬರಹದ ಅಂಕಿಯ ಮುಂದೆ ಶೂರರಾಗುತ್ತೇವೆ.

ಅಪಾರ್ಟ್‌ಮೆಂಟಿನಲ್ಲಿ ಸಿಕ್ಕಿದ ದಿನ, ಉಳಿದ ಹದಿನಾರು ಸಾವಿರವನ್ನು ಕೊಡುತ್ತೇನೆಂದು ಹೇಳಬೇಕೆನಿಸಿತು. ಹೇಳಲಿಲ್ಲ. ಈಗ ಕೊಟ್ಟರೆ ಅದು ಬೆಲೆಯಾಗುವುದಿಲ್ಲ, ದಾನವಾಗುತ್ತದೆ. ಅವರು ಕೇಳಿದ್ದು ದಾನವಲ್ಲ ಎಂದು ಮನಸ್ಸು ಸಮಾಧಾನ ಹೇಳಿತು. ಹಣ ಉಳಿಸಲು ಮನಸ್ಸು ಹೂಡುವ ತತ್ವವಿಚಾರಗಳಲ್ಲಿ ಇದೂ ಒಂದೋ ಏನೋ, ನನಗೆ ಇನ್ನೂ ನಿಶ್ಚಯವಾಗಿಲ್ಲ.

ಈಗ ಮಹಡಿಯ ಮೇಲೊಂದು ಕೋಣೆ ಕಟ್ಟಿಸುವ ಮಾತು ನಡೆದಿದೆ. ಮೊನ್ನೆ ಒಬ್ಬ ಯುವಕ ಬಂದು ಅಳೆದುಕೊಂಡು ಹೋಗಿ, ಫೋನಿನಲ್ಲಿ ಒಂದೇ ಒಂದು ಮೊತ್ತ ಹೇಳಿದ. “ಲೆಕ್ಕ ಬರೆದುಕೊಡಪ್ಪ, ನಿನ್ನ ಲಾಭವನ್ನೂ ಅದರಲ್ಲಿ ಬರೆ” ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಹಾಗೆ ಬರೆದುಕೊಟ್ಟರೆ ಏನಾಗುತ್ತದೆಂಬುದು ಅವನ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರಬೇಕು.